ಓದುಗರ ಪ್ರಶ್ನೆ: ಸಿಸ್ಟಂ ಕಾಲ್ ನಂಬರು ಯಾವ ಊರಿನದು?

ಪ್ರಶ್ನೆ: ಗಂಗಾವತಿಯ ನಮ್ಮ ರೈಸ್ ಮಿಲ್ಲಿನಲ್ಲಿ ವೇಬ್ರಿಜ್‌ನ ತೂಕವನ್ನು ಫೈಲಿಗೆ ಬರೆಯುವ ಸಣ್ಣ ಸಿ ಪ್ರೋಗ್ರಾಂ ಇದೆ. 32 ಬಿಟ್ ಆರ್ಮ್ ಬೋರ್ಡಿನಲ್ಲಿ ವರ್ಷಗಟ್ಟಲೆ ತೊಂದರೆಯಿಲ್ಲದೆ ನಡೆದಿತ್ತು. ಬೋರ್ಡು ಸುಟ್ಟಿತೆಂದು 64 ಬಿಟ್‌ನದು ತಂದು ಮತ್ತೆ ಕಂಪೈಲ್ ಮಾಡಿದೆವು. ಒಂದು ವಾರ್ನಿಂಗ್ ಕೂಡ ಬರಲಿಲ್ಲ. ಆದರೆ ಫೈಲು ಖಾಲಿ, ಎರರ್ ನಂಬರ್ 22. ಕೋಡಿನಲ್ಲಿ ‘ಸಿಸ್‌ಕಾಲ್’ ಫಂಕ್ಷನ್ನಿಗೆ ನೇರವಾಗಿ 4 ಎಂದು ಕೊಟ್ಟಿದೆ. ತಪ್ಪು ಅದೇನಾ?
— ಓದುಗರು, ಗಂಗಾವತಿ

ಉತ್ತರ: ಅದೇ. ಪ್ರೋಗ್ರಾಂ ಕರ್ನಲ್ಲಿಗೆ (ಓಎಸ್‌ನ ತಿರುಳಿಗೆ) ಒಪ್ಪಿಸುವ ಕೆಲಸವೇ ಸಿಸ್ಟಂ ಕಾಲ್, ಪ್ರತಿಯೊಂದಕ್ಕೂ ಒಂದು ನಂಬರು. ಲಿನಕ್ಸ್‌ನ 32 ಬಿಟ್ ಆರ್ಮ್ ಪಟ್ಟಿಯಲ್ಲಿ 4 ಎಂದರೆ ‘ರೈಟ್’. 64 ಬಿಟ್ ಆರ್ಮ್‌ನಲ್ಲಿ ‘ರೈಟ್’ನ ನಂಬರು 64. ಅಲ್ಲಿ 4 ಎಂದರೆ ‘ಐಒ ಗೆಟ್ ಇವೆಂಟ್ಸ್’ ಎಂಬ ಬೇರೆಯೇ ಕಾಲ್. ನಿಮ್ಮ ಫೈಲ್ ನಂಬರನ್ನು ಕರ್ನಲ್ಲು ಅಸಿಂಕ್ರನಸ್ ಐಒ ಗುರುತು ಎಂದು ತಿಳಿದು ಹುಡುಕಿದೆ, ಸಿಗದೆ 22 (ತಪ್ಪು ಆರ್ಗ್ಯುಮೆಂಟ್) ಕೊಟ್ಟಿದೆ. ಐದನೇ ಆರ್ಗ್ಯುಮೆಂಟಿನ ರಿಜಿಸ್ಟರಿನಲ್ಲಿ ಹಳೆಯ ಕಸ ಉಳಿದಿದ್ದರೆ ಅದನ್ನು ಟೈಮ್‌ಔಟ್ ವಿಳಾಸ ಎಂದುಕೊಂಡು 14 (ಕೆಟ್ಟ ವಿಳಾಸ) ಕೊಡುವುದೂ ಉಂಟು. ಹಾಗಾಗಿ ಒಂದೇ ಪ್ರೋಗ್ರಾಂ ಒಮ್ಮೆ 22, ಒಮ್ಮೆ 14 ತೋರಿಸಿದರೆ ಬೋರ್ಡಿನ ಮೇಲೆ ಅನುಮಾನ ಪಡಬೇಡಿ.

ತಾಲ್ಲೂಕು ಕಚೇರಿಗೆ ಹೋಗಿ ‘ಸರ್ವೆ ನಂಬರ್ 64ರ ಪಹಣಿ ಕೊಡಿ’ ಎಂದರೆ ‘ಯಾವ ಊರು?’ ಎಂದೇ ಮೊದಲು ಕೇಳುತ್ತಾರೆ. ಊರೂರಿಗೂ 64 ಇದೆ, ಹೊಲ ಬೇರೆ. ಇಲ್ಲಿ ಊರು ಎಂದರೆ ಆರ್ಕಿಟೆಕ್ಚರ್, ಅಂದರೆ ಪ್ರೊಸೆಸರಿನ ಬಗೆ. ಕಂಪೈಲರಿಗೆ 4 ಬರಿಯ ಪೂರ್ಣಾಂಕ, ಆದ್ದರಿಂದ ಅದು ಎಚ್ಚರಿಸಲಾರದು.

ನಿಮಗೆ ಬಂದದ್ದು ಸೌಮ್ಯವಾದ ತೊಂದರೆ. ಇಂಟೆಲ್, ಎಎಂಡಿಯ 64 ಬಿಟ್ ಬಗೆಯಾದ ಎಕ್ಸ್86-64ರಲ್ಲಿ ‘ರೈಟ್’ ಎಂದರೆ 1. ಆ 1ನ್ನು ಹಾಗೇ ಇಟ್ಟುಕೊಂಡು 32 ಬಿಟ್ ಎಕ್ಸ್86ಗೆ ಕಂಪೈಲ್ ಮಾಡಿದರೆ ಅಲ್ಲಿ 1 ಎಂದರೆ ‘ಎಕ್ಸಿಟ್’. ಮೊದಲ ಸಾಲು ಬರೆಯಲು ಹೋಗಿ ಪ್ರೋಗ್ರಾಮೇ ಸದ್ದಿಲ್ಲದೆ ಮುಗಿದುಹೋಗುತ್ತದೆ, ಎರರ್ ಕೂಡ ಕಾಣದು.

ನಿಮ್ಮ ಕೆಲಸಕ್ಕೆ ಸಿಸ್‌ಕಾಲ್ ಬೇಕಾಗಿಯೇ ಇಲ್ಲ. ಆ ಸಾಲು ತೆಗೆದು ಸಿ ಲೈಬ್ರರಿಯ ‘ರೈಟ್’ ಫಂಕ್ಷನ್ ಬಳಸಿ, ಅದು ಹಿಂದಿರುಗಿಸುವ ಬೆಲೆಯನ್ನು ಪ್ರತಿ ಸಲವೂ ನೋಡಿ. ಲೈಬ್ರರಿಯಲ್ಲಿ ಇಲ್ಲದ ಕಾಲ್ ಬೇಕಾದಾಗಲೂ ಅಂಕಿ ಬೇಡ, ‘ಎಸ್‌ವೈಎಸ್’ ಎಂದು ಶುರುವಾಗುವ ಮ್ಯಾಕ್ರೋ (ಕಂಪೈಲ್ ಆಗುವಾಗ ಸರಿಯಾದ ಅಂಕಿಯಾಗುವ) ಹೆಸರು ಕೊಡಿ. ಹಳೆಯ 32 ಬಿಟ್ ಬೈನರಿ ಇನ್ನೂ ಇದ್ದರೆ ಅದನ್ನೂ ಓಡಿಸಿ ನೋಡಬಹುದು: ಕರ್ನಲ್ಲಿನಲ್ಲಿ 32 ಬಿಟ್ ಹೊಂದಾಣಿಕೆ ಇದ್ದು, ಪ್ರೊಸೆಸರೂ ಅದನ್ನು ಒಪ್ಪಿದರೆ, ಆ ಬೈನರಿಗೆ 32 ಬಿಟ್ ಪಟ್ಟಿಯೇ ಅನ್ವಯಿಸುತ್ತದೆ. ಪಟ್ಟಿ ಯಾವುದೆಂದು ತೀರ್ಮಾನಿಸುವುದು ಓಡುತ್ತಿರುವ ಪ್ರೋಗ್ರಾಮಿನ ಎಬಿಐ, ಅಂದರೆ ಬೈನರಿಯೂ ಕರ್ನಲ್ಲೂ ಮಾತಾಡುವ ಕರಾರು. ಡಬ್ಬಿಯ ಮೇಲೆ ‘64 ಬಿಟ್’ ಎಂದು ಬರೆದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಾವು ನಾಲ್ವರು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಪ್ರಾಜೆಕ್ಟಿಗೆಂದು ಚಿಕ್ಕ ಸಿ ಲೈಬ್ರರಿ ಬರೆಯುತ್ತಿದ್ದೇವೆ: ಎಕ್ಸ್86-64, ಆರ್ಮ್64, 64 ಬಿಟ್ ರಿಸ್ಕ್-ವಿ. ಸಿಸ್ಟಂ ಕಾಲ್ ನಂಬರುಗಳನ್ನು ನಾವೇ ಟೈಪ್ ಮಾಡಬೇಕೆ, ಇಲ್ಲವೆ ಕಂಪ್ಯೂಟರಿನಲ್ಲಿರುವ ಕರ್ನಲ್ ಹೆಡರನ್ನು ಸೇರಿಸಿಕೊಂಡರೆ ಸಾಕೆ?
— ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಎರಡೂ ಬೇಡ. ಕೈಯಲ್ಲಿ ಟೈಪ್ ಮಾಡಿದರೆ ಮುನ್ನೂರಕ್ಕೂ ಹೆಚ್ಚು ಸಾಲುಗಳಲ್ಲಿ ಎಲ್ಲೋ ಒಂದು ಅಂಕಿ ತಪ್ಪುತ್ತದೆ. ಹೆಡರನ್ನೇ ನಂಬಿದರೆ ತೊಂದರೆ ಇನ್ನೂ ಒಳಗೆ ಅಡಗಿರುತ್ತದೆ: ಹಳೆಯ ಹೆಡರ್ ಇರುವ ಯಂತ್ರದಲ್ಲಿ ಕಟ್ಟಿದ ಲೈಬ್ರರಿಯಲ್ಲಿ ಹೊಸ ಕಾಲ್‌ಗಳು ಹೇಳದೆ ಕೇಳದೆ ಮಾಯವಾಗುತ್ತವೆ. ಒಂದೇ ಸೋರ್ಸಿನಿಂದ ಎರಡು ಬಗೆಯ ಲೈಬ್ರರಿ ಹುಟ್ಟುತ್ತದೆ. ಈ ಕಾರಣಕ್ಕೇ ಲಿನಕ್ಸ್‌ನ ಪ್ರಮುಖ ಸಿ ಲೈಬ್ರರಿಯಾದ ಗ್ಲಿಬ್‌ಸಿ 2020ರ ಆಗಸ್ಟ್‌ನ 2.32ನೇ ಆವೃತ್ತಿಯಿಂದ ಪ್ರತಿ ಆರ್ಕಿಟೆಕ್ಚರಿನ ಪಟ್ಟಿಯನ್ನೂ ತನ್ನ ಸೋರ್ಸ್‌ನಲ್ಲೇ ಇಟ್ಟುಕೊಂಡಿದೆ. ಮಸ್ಲ್ ಎಂಬ ಚಿಕ್ಕ ಸಿ ಲೈಬ್ರರಿಯಲ್ಲೂ ಆರ್ಕಿಟೆಕ್ಚರಿಗೊಂದು ಫೈಲು ಇದೆ. ಕಟ್ಟುವಾಗ ಕರ್ನಲ್ ಬಳಸುವ ‘ಎನ್‌ಆರ್’ ಹೆಸರುಗಳಿಂದ ‘ಎಸ್‌ವೈಎಸ್’ ಹೆಸರುಗಳನ್ನು ಸೆಡ್ ಕಮಾಂಡ್ ತಯಾರಿಸುತ್ತದೆ. ನೀವೂ ಪಟ್ಟಿಯನ್ನು ಯಂತ್ರದಿಂದ ತೆಗೆಸಿ, ಗಿಟ್‌ನಲ್ಲಿ ಸೇರಿಸಿ ಇಡಿ.

ತೆಗೆಸುವುದು ಹೀಗೆ. ಒಂದು ನಿಗದಿತ ಆವೃತ್ತಿಯ ಕರ್ನಲ್ ಸೋರ್ಸ್ ತನ್ನಿ, ಆವೃತ್ತಿಯ ನಂಬರನ್ನು ಪಟ್ಟಿಯ ತಲೆಯಲ್ಲೇ ಬರೆದಿಡಿ. ‘ಹೆಡರ್ಸ್ ಇನ್‌ಸ್ಟಾಲ್’ ಎಂಬ ಮೇಕ್ ಗುರಿಯನ್ನು ಮೂರು ಸಲ, ಮೂರು ಬೇರೆ ಡೈರೆಕ್ಟರಿಗಳಿಗೆ ಓಡಿಸಿ. ಆರ್ಕಿಟೆಕ್ಚರಿನ ಹೆಸರು ಕೊಡುವಾಗ ಎಚ್ಚರ: ಕಂಪೈಲರ್ ‘ಎಆರ್ಚ್64’ ಎನ್ನುವುದನ್ನು ಕರ್ನಲ್ಲು ‘ಆರ್ಮ್64’ ಎನ್ನುತ್ತದೆ, ರಿಸ್ಕ್-ವಿಗೆ 32 ಬಿಟ್ಟಿಗೂ 64 ಬಿಟ್ಟಿಗೂ ಒಂದೇ ಹೆಸರು. ಆಮೇಲೆ ಆಯಾ ಕ್ರಾಸ್ ಕಂಪೈಲರನ್ನು ‘-ಇ’ ಮತ್ತು ‘-ಡಿಎಂ’ ಆಯ್ಕೆಗಳೊಂದಿಗೆ ಓಡಿಸಿದರೆ ಹೆಡರಿನ ಎಲ್ಲ ಮ್ಯಾಕ್ರೋಗಳೂ ಸಾಲಾಗಿ ಸಿಗುತ್ತವೆ.

ಬಹಳ ಮಂದಿ ಎಡವುವುದು ಇಲ್ಲೇ. 2024ರ 6.11ಕ್ಕಿಂತ ಹಿಂದಿನ ಕರ್ನಲ್ಲುಗಳಲ್ಲಿ ಕೆಲವು ಹೆಸರುಗಳ ಎದುರು ಅಂಕಿ ಇರುವುದಿಲ್ಲ, ಇನ್ನೊಂದು ಮ್ಯಾಕ್ರೋ ಹೆಸರೋ ಒಂದು ಕೂಡುವ ಲೆಕ್ಕವೋ ಇರುತ್ತದೆ. ಗ್ರೆಪ್ ಮಾಡಿ ಅಂಕಿ ಹೆಕ್ಕುವ ಸ್ಕ್ರಿಪ್ಟು ಇವನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ಸಿಕ್ಕ ಹೆಸರುಗಳನ್ನು ಮತ್ತೆ ಪ್ರಿಪ್ರೊಸೆಸರಿಗೇ ಕೊಟ್ಟು ಬೆಲೆ ಬಿಡಿಸಿ, ಕೂಡುವ ಲೆಕ್ಕವಿದ್ದರೆ ಅದನ್ನೂ ಮಾಡಿಸಿ. ‘ಎನ್‌ಆರ್ ಸಿಸ್‌ಕಾಲ್ಸ್’ ಎಂಬ ಹೆಸರು ಕಾಲ್ ಅಲ್ಲ, ಒಟ್ಟು ಎಣಿಕೆ. ‘ಆರ್ಚ್ ಸ್ಪೆಸಿಫಿಕ್ ಸಿಸ್‌ಕಾಲ್’ ಎಂಬುದೂ ಕಾಲ್ ಅಲ್ಲ, 244 ಎಂಬ ಬುನಾದಿ. ಎರಡನ್ನೂ ತೆಗೆಯಿರಿ. ರಿಸ್ಕ್-ವಿಯ ‘ಫ್ಲಶ್ ಐಕ್ಯಾಶ್’ ಆ ಬುನಾದಿಗೆ 15 ಕೂಡಿ 259 ಆಗುತ್ತದೆ. ನಿಮ್ಮ ಸ್ಕ್ರಿಪ್ಟಿಗೆ ಈ 259 ಬಂತೋ ಇಲ್ಲವೋ ಎಂದು ನೋಡಿದರೆ ಅದು ಸರಿಯಿದೆಯೇ ಎಂಬುದು ತಿಳಿಯುತ್ತದೆ.

ಕೊನೆಗೆ ಹೆಸರಿನ ಅಕಾರಾದಿಯಲ್ಲಿ ಜೋಡಿಸಿ. ಮುಂದೆ ಹೊಸ ಕರ್ನಲ್ಲಿನಿಂದ ಪಟ್ಟಿ ತೆಗೆಸಿದಾಗ ಗಿಟ್ ಡಿಫ್‌ನಲ್ಲಿ ಸೇರಿದ ಸಾಲುಗಳು ಮಾತ್ರ ಕಾಣಬೇಕು. ಇದ್ದ ಹೆಸರಿನ ಅಂಕಿ ಬದಲಾದಂತೆ ಕಂಡರೆ ಬಿಲ್ಡ್ ನಿಲ್ಲಿಸಿ, ತಪ್ಪು ನಿಮ್ಮ ಸ್ಕ್ರಿಪ್ಟಿನಲ್ಲಿದೆ.

ಆರ್ಮ್64 ಮತ್ತು ರಿಸ್ಕ್-ವಿ ಒಂದೇ ಸಾಮಾನ್ಯ ಪಟ್ಟಿಯಿಂದ ಬಂದವು: ‘ಓಪನ್ಯಾಟ್’ 56, ‘ರೀಡ್’ 63, ‘ರೈಟ್’ 64, ‘ಎಕ್ಸಿಟ್’ 93 ಎರಡಕ್ಕೂ ಒಂದೇ. ಹಾಗೆಂದು ಒಂದೇ ಫೈಲು ಮಾಡಿಬಿಡಬೇಡಿ. 38ನೇ ‘ರಿನೇಮ್ಯಾಟ್’ ಆರ್ಮ್64ರಲ್ಲಿದೆ, ರಿಸ್ಕ್-ವಿಯಲ್ಲಿಲ್ಲ. ಅಲ್ಲಿ 276ನೇ ‘ರಿನೇಮ್ಯಾಟ್2’ ಕರೆಯಬೇಕು.

ಪಟ್ಟಿ ಸಿದ್ಧವಾದರೆ ಅರ್ಧ ಕೆಲಸವಾಯಿತು. ಈ ಎರಡು ಹೊಸ ಆರ್ಕಿಟೆಕ್ಚರುಗಳಲ್ಲಿ ‘ಓಪನ್’, ‘ಫೋರ್ಕ್’, ‘ಪೈಪ್’, ‘ಡಪ್2’ ಕಾಲ್‌ಗಳೇ ಇಲ್ಲ. ‘ಓಪನ್’ಗೆ ಬದಲು ‘ಓಪನ್ಯಾಟ್’ ಕರೆದು ಮೊದಲ ಆರ್ಗ್ಯುಮೆಂಟಾಗಿ -100 ಕೊಡಿ, ಅಂದರೆ ಈಗಿರುವ ಡೈರೆಕ್ಟರಿ. ‘ಫೋರ್ಕ್’ಗೆ ‘ಕ್ಲೋನ್’, ‘ಪೈಪ್’ಗೆ ‘ಪೈಪ್2’. ‘ಡಪ್2’ಗೆ ‘ಡಪ್3’ ಸರಿ, ಆದರೆ ಎರಡೂ ಫೈಲ್ ನಂಬರು ಒಂದೇ ಆಗಿದ್ದರೆ ‘ಡಪ್2’ ಅದನ್ನೇ ಹಿಂದಿರುಗಿಸಬೇಕು, ‘ಡಪ್3’ ಮಾತ್ರ 22 ಕೊಡುತ್ತದೆ. ಆದ್ದರಿಂದ ಎರಡೂ ಒಂದೇ ಆದಾಗ ಆ ಫೈಲು ನಿಜಕ್ಕೂ ತೆರೆದಿದೆಯೇ ಎಂದು ‘ಎಫ್‌ಸಿಎನ್‌ಟಿಎಲ್’ನಿಂದ ಕೇಳಿ, ನೀವೇ ಉತ್ತರ ಕೊಡಬೇಕು. ಶೆಲ್ಲುಗಳು ಈ ಮೂಲೆಯನ್ನು ನಿಜವಾಗಿಯೂ ಮುಟ್ಟುತ್ತವೆ, ಬಿಡಬೇಡಿ.

‘ಕ್ಲೋನ್’ನಲ್ಲಿ ಇನ್ನೊಂದು ತೊಡಕು. ಎಕ್ಸ್86-64ರಲ್ಲಿ ನಾಲ್ಕನೆಯದು ಮಗುವಿನ (ಹೊಸದಾಗಿ ಹುಟ್ಟುವ) ಥ್ರೆಡ್ ಗುರುತಿನ ವಿಳಾಸ, ಐದನೆಯದು ಟಿಎಲ್‌ಎಸ್ (ಥ್ರೆಡ್ಡಿನ ಸ್ವಂತ ದತ್ತಾಂಶದ ಜಾಗ). ಆರ್ಮ್64ರಲ್ಲಿ ಈ ಎರಡೂ ಅದಲುಬದಲು. ನಂಬರು ಸರಿಯಿದ್ದೂ ಹೊಸ ಥ್ರೆಡ್ಡು ಹುಟ್ಟಿದ ತಕ್ಷಣ ಕುಸಿದರೆ ಮೊದಲು ಇದನ್ನೇ ನೋಡಿ.

ರಿಜಿಸ್ಟರುಗಳು ಪುಸ್ತಕದಲ್ಲೇ ಸಿಗುತ್ತವೆ: ನಂಬರು ಎಕ್ಸ್86-64ಕ್ಕೆ ಆರ್‌ಎಎಕ್ಸ್‌ನಲ್ಲಿ, ಆರ್ಮ್64ಕ್ಕೆ ಎಕ್ಸ್8ರಲ್ಲಿ, ರಿಸ್ಕ್-ವಿಗೆ ಎ7ರಲ್ಲಿ. ಎಕ್ಸ್86-64ರಲ್ಲಿ ನಾಲ್ಕನೇ ಆರ್ಗ್ಯುಮೆಂಟ್ ಆರ್10ರಲ್ಲಿ ಹೋಗಬೇಕು, ಏಕೆಂದರೆ ಆರ್‌ಸಿಎಕ್ಸ್ ಮತ್ತು ಆರ್11ನ್ನು ಸಿಸ್‌ಕಾಲ್ ಸೂಚನೆಯೇ ಅಳಿಸುತ್ತದೆ. ಇನ್‌ಲೈನ್ ಅಸೆಂಬ್ಲಿಯ ‘ಕ್ಲಾಬರ್’ (ಅಳಿಯುವವುಗಳ) ಪಟ್ಟಿಯಲ್ಲಿ ಅವೆರಡನ್ನೂ ಮೆಮೊರಿಯನ್ನೂ ಹಾಕದಿದ್ದರೆ ‘-ಒ0’ದಲ್ಲಿ ನಡೆದದ್ದು ‘-ಒ2’ರಲ್ಲಿ ಕೆಡುತ್ತದೆ. ಇನ್ನು ಫಲಿತಾಂಶ -4095ರಿಂದ -1ರೊಳಗೆ ಇದ್ದರೆ ಮಾತ್ರ ಅದು ಎರರ್. ‘ಸೊನ್ನೆಗಿಂತ ಕಡಿಮೆ’ ಎಂದು ನೋಡಿದರೆ, ಮುಂದೆ 32 ಬಿಟ್ಟಿಗೆ ಇಳಿಸಿದ ದಿನ ‘ಎಂಮ್ಯಾಪ್’ ಕೊಟ್ಟ ಸರಿಯಾದ ಎತ್ತರದ ವಿಳಾಸವೂ ಎರರ್ ಆಗಿ ಕಾಣುತ್ತದೆ.

ಮೂರೂ ಬೋರ್ಡು ಕೊಳ್ಳುವ ಅಗತ್ಯವಿಲ್ಲ. ಬೇರೆ ಪ್ರೊಸೆಸರಿನಂತೆ ನಟಿಸುವ ಕೆಮು ಸಾಫ್ಟ್‌ವೇರಿನ ಯೂಸರ್ ಮೋಡ್‌ನಲ್ಲಿ ‘-ಎಸ್‌ಟ್ರೇಸ್’ ಆಯ್ಕೆ ಕೊಟ್ಟು ಲ್ಯಾಪ್‌ಟಾಪಿನಲ್ಲೇ ಓಡಿಸಿ, ಯಾವ ಕಾಲ್ ಹೋಯಿತೆಂದು ಹೆಸರಿನಿಂದಲೇ ಕಾಣುತ್ತದೆ.

ಪ್ರಶ್ನೆ: ಒಮ್ಮೆ ಕೊಟ್ಟ ನಂಬರನ್ನು ಕರ್ನಲ್ಲು ಬದಲಿಸುತ್ತದೆಯೆ?
— ಓದುಗರು, ಮಾನ್ವಿ

ಉತ್ತರ: ಇಲ್ಲ. ಕಾಲ್ ತೆಗೆದುಹಾಕಿದರೂ ಸಾಮಾನ್ಯವಾಗಿ ಅದರ ಜಾಗ ಖಾಲಿ ಉಳಿಯುತ್ತದೆ, ಕರೆದರೆ ‘ಇ-ನೋಸಿಸ್’ (ಇಂಥ ಕಾಲ್ ಇಲ್ಲ) ಎಂಬ ಎರರ್ ಬರುತ್ತದೆ. ಒಳ್ಳೆಯ ಸುದ್ದಿಯೆಂದರೆ, 2019ರ ಕರ್ನಲ್ 5.1ರಿಂದೀಚೆಗೆ ಹೊಸ ಕಾಲ್‌ಗಳಿಗೆ 424ರಿಂದ ಮುಂದೆ ಎಲ್ಲ ಆರ್ಕಿಟೆಕ್ಚರುಗಳಲ್ಲೂ ಒಂದೇ ಕ್ರಮಸಂಖ್ಯೆ: ‘ಕ್ಲೋನ್3’ 435, ‘ಓಪನ್ಯಾಟ್2’ 437. ಆಲ್ಫಾದಲ್ಲಿ ಇದಕ್ಕೆ 110 ಕೂಡಬೇಕು, ಮಿಪ್ಸ್‌ನಲ್ಲಿ ಎಬಿಐ ನೋಡಿ 4000, 5000 ಅಥವಾ 6000. ಅದಕ್ಕೂ ಹಿಂದಿನ 403ರಿಂದ 423 32 ಬಿಟ್ ಯಂತ್ರಗಳ 64 ಬಿಟ್ ಸಮಯದ ಕಾಲ್‌ಗಳಿಗೆ ಮೀಸಲಾಗಿವೆ. 2038ರ ಜನವರಿ 19ರ ನಂತರವೂ ಓಡಬೇಕಾದ 32 ಬಿಟ್ ಲೈಬ್ರರಿ ಇವನ್ನೇ ಮೊದಲು ಕರೆಯಬೇಕು.

ಪ್ರಶ್ನೆ: 32 ಬಿಟ್ ಆರ್ಮ್‌ನಲ್ಲಿ ‘ಪಿರೀಡ್64’ನ್ನು ಸರಿಯಾದ ನಂಬರು 180ರಿಂದಲೇ ನೇರವಾಗಿ ಕರೆದೆ. 4096ನೇ ಬೈಟಿನಿಂದ ಓದು ಎಂದರೆ ಕೆಲವೊಮ್ಮೆ ಫೈಲಿನ ಮೊದಲಿನಿಂದ ಓದುತ್ತದೆ, ಕೆಲವೊಮ್ಮೆ 0 ಬೈಟ್. 32 ಬಿಟ್ ಎಕ್ಸ್86ನಲ್ಲಿ ಇದೇ ಕೋಡು ಸರಿ. ಯಾಕೆ?
— ಓದುಗರು, ಕುಷ್ಟಗಿ

ಉತ್ತರ: 64 ಬಿಟ್‌ನ ಆಫ್‌ಸೆಟ್ 32 ಬಿಟ್ ಯಂತ್ರದಲ್ಲಿ ಎರಡು ರಿಜಿಸ್ಟರುಗಳಲ್ಲಿ ಹೋಗುತ್ತದೆ. ಆರ್ಮ್‌ನ ಈಗಿನ ಎಬಿಐಯಲ್ಲಿ ಆ ಜೋಡಿ ಸಮಸಂಖ್ಯೆಯ ರಿಜಿಸ್ಟರಿನಿಂದಲೇ ಶುರುವಾಗಬೇಕು. ಫೈಲು ಆರ್0, ಬಫರ್ ಆರ್1, ಉದ್ದ ಆರ್2. ಮುಂದಿನ ಆರ್3 ಬೆಸ, ಅದನ್ನು ಖಾಲಿ ಬಿಟ್ಟು ಕೆಳಭಾಗ ಆರ್4, ಮೇಲ್ಭಾಗ ಆರ್5. ನೀವು ಆರ್3ರಲ್ಲೇ ತುಂಬಿದ್ದೀರಿ. ಕರ್ನಲ್ಲು ಆರ್4ರಲ್ಲಿದ್ದ ಸೊನ್ನೆಯನ್ನು ಕೆಳಭಾಗವೆಂದೂ, ಆರ್5ರ ಕಸವನ್ನು ಮೇಲ್ಭಾಗವೆಂದೂ ಓದಿದೆ. ಕಸ ಸೊನ್ನೆಯಾಗಿದ್ದರೆ ಫೈಲಿನ ಮೊದಲು, ಇಲ್ಲವಾದರೆ ಫೈಲಿನ ಕೊನೆಗಿಂತ ಎಷ್ಟೋ ಆಚೆ. 32 ಬಿಟ್ ಎಕ್ಸ್86ಗೆ ಈ ಜೋಡಿ ನಿಯಮವಿಲ್ಲ. ಉದ್ದದ ನಂತರ ಒಂದು ಸೊನ್ನೆ ಸೇರಿಸುವ ಮ್ಯಾಕ್ರೋವನ್ನು ಆರ್ಕಿಟೆಕ್ಚರಿನ ಫೈಲಿನಲ್ಲೇ, ನಂಬರಿನ ಪಕ್ಕದಲ್ಲೇ ಇಡಿ.

ಮುಂದೆ ‘ಎಂಮ್ಯಾಪ್2’ ಮುಟ್ಟುವಿರಾದರೆ ಅದರ ಆಫ್‌ಸೆಟ್ ಬೈಟ್‌ನಲ್ಲಿಲ್ಲ, 4096 ಬೈಟ್‌ನ ತುಂಡುಗಳಲ್ಲಿದೆ. 8192ನೇ ಬೈಟ್ ಬೇಕೆಂದರೆ 2 ಕೊಡಬೇಕು.

ಪ್ರಶ್ನೆ: ಹಳೆಯ ಸರ್ವರಿನ ಕಂಟೇನರಿನಲ್ಲಿ ಹೊಸ ಓಎಸ್ ಇಮೇಜ್ ಹಾಕಿದ ಮೇಲೆ ಯಾವ ಪ್ರೋಗ್ರಾಮೂ ಥ್ರೆಡ್ ಹುಟ್ಟಿಸುತ್ತಿಲ್ಲ, ‘ಅನುಮತಿ ಇಲ್ಲ’ ಎನ್ನುತ್ತದೆ. ರೂಟ್ ಆಗಿ ಓಡಿಸಿದರೂ ಅಷ್ಟೇ.
— ಓದುಗರು, ಲಿಂಗಸೂಗೂರು

ಉತ್ತರ: ಗ್ಲಿಬ್‌ಸಿ 2.34ರಿಂದ ಥ್ರೆಡ್ ಹುಟ್ಟಿಸಲು ಮೊದಲು 435ನೇ ‘ಕ್ಲೋನ್3’ ಕರೆಯುತ್ತದೆ. ಕರ್ನಲ್ಲಿಗೆ ಅದು ಗೊತ್ತಿಲ್ಲದಿದ್ದರೆ ‘ಇ-ನೋಸಿಸ್’ ಬರುತ್ತದೆ, ಲೈಬ್ರರಿ ಹಳೆಯ ‘ಕ್ಲೋನ್’ಗೆ ಇಳಿಯುತ್ತದೆ. ಆದರೆ ನಿಮ್ಮ ಹಳೆಯ ಕಂಟೇನರ್ ಸಾಫ್ಟ್‌ವೇರಿನ ಸೆಕ್‌ಕಾಂಪ್ ಫಿಲ್ಟರ್ (ಯಾವ ಸಿಸ್ಟಂ ಕಾಲ್ ಬಿಡಬೇಕೆಂದು ತೀರ್ಮಾನಿಸುವ ಜರಡಿ) ತನಗೆ ಪರಿಚಯವಿಲ್ಲದ ನಂಬರಿಗೆ ‘ಇ-ಪರ್ಮ್’ (ಅನುಮತಿ ಇಲ್ಲ) ಕೊಡುತ್ತಿರಬೇಕು. ಅದನ್ನು ಕಂಡ ಲೈಬ್ರರಿ ‘ಕಾಲ್ ಇದೆ, ನನಗೆ ಮಾತ್ರ ಬೇಡವೆಂದರು’ ಎಂದು ತಿಳಿದು ಬೇರೆ ದಾರಿ ಹುಡುಕುವುದೇ ಇಲ್ಲ. ಕಂಟೇನರ್ ಸಾಫ್ಟ್‌ವೇರನ್ನೂ ಅದರ ಜೊತೆಯ ಸೆಕ್‌ಕಾಂಪ್ ಲೈಬ್ರರಿಯನ್ನೂ ಹೊಸದಕ್ಕೆ ಏರಿಸಿ. ಫಿಲ್ಟರನ್ನೇ ಪೂರ್ತಿ ತೆಗೆದು ಓಡಿಸುವುದು ಕಾರಣ ಖಚಿತಪಡಿಸಿಕೊಳ್ಳಲು ಐದು ನಿಮಿಷಕ್ಕೆ ಸರಿ, ಸರ್ವರನ್ನು ಹಾಗೇ ಬಿಡಬೇಡಿ.

ಫಿಲ್ಟರನ್ನು ನೀವೇ ಬರೆದಿದ್ದರೆ ಅಪರಿಚಿತ ನಂಬರಿಗೆ ‘ಇ-ನೋಸಿಸ್’ ಕೊಡಿ, ಮತ್ತು ನಂಬರಿಗಿಂತ ಮೊದಲು ಆರ್ಕಿಟೆಕ್ಚರಿನ ಗುರುತನ್ನು ಪರೀಕ್ಷಿಸಿ. ಎಕ್ಸ್86-64ರಲ್ಲಿ 11 ಎಂದರೆ ‘ಎಂಅನ್‌ಮ್ಯಾಪ್’, ಯಾವ ಪ್ರೋಗ್ರಾಮಿಗೂ ಬೇಕಾದ ನಿರುಪದ್ರವಿ ಕಾಲ್. ಅದೇ ಯಂತ್ರದಲ್ಲಿ 32 ಬಿಟ್ ದಾರಿಯಿಂದ ಬಂದ 11 ‘ಎಕ್ಸೆಕ್‌ವಿಇ’, ಅಂದರೆ ಬೇರೊಂದು ಪ್ರೋಗ್ರಾಮನ್ನೇ ಓಡಿಸುವ ಕಾಲ್. ಊರು ಕೇಳದೆ 11ನ್ನು ಒಳಬಿಟ್ಟ ಫಿಲ್ಟರು ಅದನ್ನೂ ಬಿಡುತ್ತದೆ.