ವಿಗ್ರಹಗಳನ್ನಲ್ಲ, ದೇವರನ್ನು ನಂಬುವ ಕುರಿತಾದ ಆರಾಧನೆಗೆ ಹೇಗೆ ಸಿದ್ಧತೆ ಮಾಡಿಕೊಳ್ಳಬೇಕು?

ದೇವಾಲಯದಲ್ಲಿ ರೊಟ್ಟಿ, ದ್ರಾಕ್ಷಾರಸ ಇಡುವ ಕರ್ತನ ಮೇಜಿನ ಮುಂದೆ ನೋಟಿನ ಕಂತೆ, ಮೊಬೈಲು, ಬಂಗಾರದ ಸರ ಇಟ್ಟರೆ ಇಂದಿನ ವಿಗ್ರಹಗಳು ಯಾವುವೆಂದು ಸಭೆಗೆ ಮನದಟ್ಟಾಗುತ್ತದೆಯೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನೂ ಹಾಗೆಯೇ ಇಟ್ಟಿದ್ದೆ.

ನಮ್ಮದು ಧಾರವಾಡದ ಕಡೆಯ ಚಿಕ್ಕ ಸಭೆ. ಸಭಾಪಾಲಕರು ಬೇರೆ ಊರಿಗೆ ಹೋಗಿದ್ದರಿಂದ ಆ ಭಾನುವಾರದ ಪ್ರಸಂಗ, ಅಂದರೆ ಉಪದೇಶ, ನನ್ನ ಪಾಲಿಗೆ ಬಂದಿತ್ತು. ಬೈಬಲಿನ 115ನೆಯ ಕೀರ್ತನೆಯಲ್ಲಿ, ಬಾಯಿದ್ದೂ ಮಾತಾಡದ, ಕಣ್ಣಿದ್ದೂ ಕಾಣದ ಬೆಳ್ಳಿಬಂಗಾರದ ವಿಗ್ರಹಗಳನ್ನು ಕುರಿತ 4ರಿಂದ 8ರವರೆಗಿನ ವಚನಗಳನ್ನು ಓದಿಸಿ, ಹಣ ಬಂಗಾರಗಳನ್ನು ನಂಬಬೇಡಿರೆಂದು ಅರ್ಧ ಗಂಟೆ ಎಚ್ಚರಿಸಿದೆ. ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯ ತಾಯಿ ಬಾಗಿಲಲ್ಲಿ ನನ್ನನ್ನು ತಡೆದು ತಮ್ಮ ಬರಿಗೈಯನ್ನು ತೋರಿಸಿದರು. ಬಳೆಗಳಿದ್ದ ಜಾಗದ ಚರ್ಮ ಮಾತ್ರ ಬೆಳ್ಳಗೆ ಕಾಣುತ್ತಿತ್ತು. “ತಮ್ಮಾ, ಬಂಗಾರ ನಂಬಬ್ಯಾಡ್ರಿ ಅಂದಿ. ಮಗಳ ಆಪರೇಷನ್ನಿಗೆ ಅಂತ ನಿನ್ನೇನ ಎಲ್ಲಾ ಒತ್ತಿ ಇಟ್ಟು ಬಂದೇನಿ. ಇನ್ನ ಯಾರನ್ನ ಹಿಡಕೋಬೇಕು, ಅದನ್ನ ಹೇಳಲೇ ಇಲ್ಲಲ್ಲಪಾ?” ಎಂದರು. ಮುಂದಿನ ನಾಲ್ಕು ತಿಂಗಳು ಅವರು ದೇವಾಲಯಕ್ಕೆ ಬರಲಿಲ್ಲ.

ನನ್ನ ತಪ್ಪು 8ನೆಯ ವಚನದಲ್ಲಿ ನಿಂತದ್ದು. ಸಮಯ ಸಾಲದೆ ನಿಂತೆನೆಂದಲ್ಲ. ನಂಬಿಕೆಯ ವಿಷಯ ಎಲ್ಲರಿಗೂ ಗೊತ್ತಿದೆ, ಜನರಿಗೆ ಬೇಕಾದದ್ದು ಎಚ್ಚರಿಕೆ ಎಂದು ಭಾವಿಸಿ ನಿಂತೆ. ಆದರೆ ಕೀರ್ತನೆ ಅಲ್ಲಿ ನಿಲ್ಲುವುದಿಲ್ಲ. 9, 10, 11ನೆಯ ವಚನಗಳು ಇಸ್ರಾಯೇಲನ್ನೂ ಯಾಜಕರಾದ ಆರೋನನ ಮನೆತನವನ್ನೂ ದೇವರಿಗೆ ಭಯಪಡುವವರೆಲ್ಲರನ್ನೂ ಒಂದೊಂದಾಗಿ ಕರೆದು ಯೆಹೋವನಲ್ಲಿ ಭರವಸವಿಡಲು ಹೇಳುತ್ತವೆ. ಪ್ರತಿ ಸಲವೂ ಆತನೇ ಅವರಿಗೆ ಸಹಾಯವೂ ಗುರಾಣಿಯೂ ಎಂಬ ಉತ್ತರ ಬರುತ್ತದೆ. 12ನೆಯದರಲ್ಲಿ ಯೆಹೋವನು ನಮ್ಮನ್ನು ನೆನಪಿಸಿಕೊಂಡಿದ್ದಾನೆ ಎಂಬ ಮಾತಿದೆ. ಆ ತಾಯಿಗೆ ಸಲ್ಲಬೇಕಾಗಿದ್ದ ವಚನ ಅದು, ನಾನು ಓದಿಸದೆ ಬಿಟ್ಟದ್ದೂ ಅದೇ. ಕೊನೆಗೆ ಅವರ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು 9ನೆಯದರಿಂದ ಓದತೊಡಗಿದಾಗ, ಪುಸ್ತಕ ನೋಡದೆಯೇ ಅವರು ಪ್ರತಿ ಸಾಲಿನ ಉತ್ತರಾರ್ಧವನ್ನು ಹೇಳಿದರು.

ಆದ್ದರಿಂದ ಮೇಜಿನ ಮುಂದೆ ಏನಿಡಬೇಕೆಂಬ ಪ್ರಶ್ನೆಯನ್ನೇ ಬಿಡಿ. ಕಣ್ಣೆದುರು ನೋಟಿನ ಕಂತೆ ಇದ್ದರೆ ಸಭೆ ಅದನ್ನೇ ನೋಡುತ್ತ ಕುಳಿತಿರುತ್ತದೆ. ನೆರೆಹೊರೆಯವರ ದೇವರುಗಳ ಮಾತನ್ನೂ ಎತ್ತಬೇಡಿ. ವಿಗ್ರಹಗಳಿಂದ ದೂರವಿರಿ ಎಂದು ಯೋಹಾನನು ತನ್ನ ಮೊದಲನೆಯ ಪತ್ರದ ಕೊನೆಯಲ್ಲಿ ಬರೆದದ್ದು ವಿಶ್ವಾಸಿಗಳಿಗೇ. ಹಳೆಯ ಒಡಂಬಡಿಕೆಯ ಪಾಠಕ್ಕೆ ಪ್ರವಾದಿ ಯೆಶಾಯನ ಗ್ರಂಥದ 46ನೆಯ ಅಧ್ಯಾಯವನ್ನು ತೆಗೆದುಕೊಳ್ಳಿ: ಬಾಬೆಲಿನ ಬೇಲ್, ನೆಬೋ ವಿಗ್ರಹಗಳು ದಣಿದ ಪಶುಗಳ ಬೆನ್ನಿಗೆ ಹೊರೆಯಾಗುತ್ತವೆ, ದೇವರಾದರೋ ತನ್ನ ಜನರನ್ನು ತಲೆ ನರೆಯುವವರೆಗೂ ತಾನೇ ಹೊರುತ್ತೇನೆ ಎನ್ನುತ್ತಾನೆ. ಕೀರ್ತನೆಯ 9ರಿಂದ 11ರವರೆಗಿನ ವಚನಗಳನ್ನು ಎರಡು ಧ್ವನಿಗಳಲ್ಲಿ ಓದಿಸಿ, ಮೊದಲರ್ಧ ನಿಮ್ಮದು, ಉತ್ತರ ಸಭೆಯದು. ಅಲಂಕಾರಕ್ಕೆಂದು ಇಟ್ಟುಕೊಂಡ ಶನಿವಾರದ ಸಂಜೆ, ಆ ವಾರ ಆಸ್ಪತ್ರೆಯ ಬಿಲ್ಲು ಕಟ್ಟಿ ಕೈ ಖಾಲಿಯಾದ ಮನೆ ನಿಮ್ಮ ಸಭೆಯಲ್ಲಿದ್ದರೆ, ಮೊದಲು ಅಲ್ಲಿಗೆ ಹೋಗಿ ಬನ್ನಿ. ಪ್ರಸಂಗವನ್ನು ಆಮೇಲೆ ಬರೆಯಿರಿ.