ಬಳೆ ಮನೆಯಲ್ಲಿರಲಿ

ತಂಗಿ, ನಿಮ್ಮ ಪತ್ರ ಸಿಕ್ಕಿತು. ಒಹಾಯೊಗೆ ಬಂದು ಐದು ತಿಂಗಳಾಯಿತು, ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಕೆಲಸಕ್ಕೆ ಸೇರುವಂತಿಲ್ಲ, ಬೆಳಗ್ಗೆ ಗಂಡ ಹೊರಟರೆ ಸಂಜೆಯವರೆಗೆ ಫ್ರಿಜ್ಜಿನ ಸದ್ದೊಂದೇ ಜೊತೆ ಎಂದು ಬರೆದಿದ್ದೀರಿ. ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ಗೆ ನಾನು ಸ್ವಯಂಸೇವೆಗೆ ಹೋಗುವ ಸುದ್ದಿ ಯುಗಾದಿ ಊಟದ ಪಂಕ್ತಿಯಲ್ಲಿ ನಿಮ್ಮ ಕಿವಿಗೆ ಬಿತ್ತಂತೆ. ಸಾಯುವವರ ಬಳಿ ಕುಳಿತು ಏನು ಮಾಡುತ್ತೀರಿ, ನನ್ನ ಇಂಗ್ಲಿಷ್ ಅವರಿಗೆ ತಿಳಿದೀತೆ, ಮುದಿ ಸೈನಿಕರೊಡನೆ ನಾನೇನು ಮಾತನಾಡಲಿ ಎಂದು ಕೇಳಿದ್ದೀರಿ.

ವೀಸಾದ ವಿಷಯ ಮೊದಲು ಮುಗಿಸುತ್ತೇನೆ. ಸಂಬಳವಿಲ್ಲದ, ಬೇರೆ ಯಾರಿಗೂ ಸಂಬಳ ಕೊಟ್ಟು ಮಾಡಿಸದ ಸೇವೆಗೆ ಎಚ್-4 ಅಡ್ಡಿಯಾಗುವುದಿಲ್ಲ. ಆದರೂ ನಿಮ್ಮವರ ಕಂಪನಿಯ ವಕೀಲರನ್ನು ಒಮ್ಮೆ ಕೇಳಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಯನ್ನೇ ಹುಡುಕಿ. ಇಲ್ಲಿ ಹಾಸ್ಪಿಸ್ ಎಂದರೆ ದೊಡ್ಡ ವ್ಯಾಪಾರವೂ ಹೌದು. ಅರ್ಜಿ ಹಾಕುವಾಗ ಸಂಕೋಚಪಡಬೇಡಿ. ವಯಸ್ಸಾದವರಿಗೆಂದು ಸರ್ಕಾರ ನಡೆಸುವ ಮೆಡಿಕೇರ್ ಆರೋಗ್ಯ ವಿಮೆಯ ಹಣ ಪಡೆಯುವ ಹಾಸ್ಪಿಸ್‌ಗಳು ಸಂಬಳದ ಸಿಬ್ಬಂದಿ ರೋಗಿಗಳ ಆರೈಕೆಗೆ ಕೊಡುವ ಒಟ್ಟು ಗಂಟೆಗಳ ಶೇ 5ರಷ್ಟನ್ನಾದರೂ ಸ್ವಯಂಸೇವಕರಿಂದ ಪಡೆಯಬೇಕು ಎಂಬ ನಿಯಮವಿದೆ. ಅವರು ನಿಮಗೆ ಉಪಕಾರ ಮಾಡುತ್ತಿಲ್ಲ, ನೀವು ಅವರಿಗೆ ಬೇಕು. ಕ್ಷಯದ ಪರೀಕ್ಷೆ, ಪೊಲೀಸ್ ದಾಖಲೆಗಳ ತಪಾಸಣೆ, ಕೆಲವು ದಿನಗಳ ತರಬೇತಿ, ಅಷ್ಟೇ.

ಬೆಂಗಳೂರಿನ ಕರುಣಾಶ್ರಯವನ್ನು ನೀವು ನೋಡಿರಬಹುದು. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದವರನ್ನು ಬಿಡಿಗಾಸೂ ಪಡೆಯದೆ ನೋಡಿಕೊಳ್ಳುವ ಮನೆ ಅದು. ಇಲ್ಲಿ ಹಾಸ್ಪಿಸ್ ಎಂದರೆ ಬಹುಮಟ್ಟಿಗೆ ಕಟ್ಟಡವಲ್ಲ. ಕಾಯಿಲೆ ಅದರ ಪಾಡಿಗೆ ಸಾಗಿದರೆ ಆಯುಸ್ಸು ಆರು ತಿಂಗಳು ಅಥವಾ ಅದಕ್ಕೂ ಕಡಿಮೆ ಎಂದು ಇಬ್ಬರು ವೈದ್ಯರು ಬರೆದುಕೊಟ್ಟರೆ, ನರ್ಸು, ಔಷಧ, ಮಂಚ ಎಲ್ಲವೂ ರೋಗಿ ಇದ್ದಲ್ಲಿಗೇ ಬರುತ್ತವೆ. ನಾನು ಹೋಗುವುದೂ ಮನೆಗಳಿಗೆ, ನರ್ಸಿಂಗ್ ಹೋಮ್‌ಗಳಿಗೆ. ಗುರುವಾರ ಮಧ್ಯಾಹ್ನ ಎರಡು ಗಂಟೆ ಕುಳಿತಿರುತ್ತೇನೆ. ಆ ಹೊತ್ತಿನಲ್ಲಿ ರೋಗಿಯ ಹೆಂಡತಿ ತರಕಾರಿ ತಂದುಕೊಳ್ಳುತ್ತಾರೆ, ಇಲ್ಲವೇ ನಿದ್ದೆ ಮಾಡುತ್ತಾರೆ. ಮಾತ್ರೆ ಕೊಡುವಂತಿಲ್ಲ, ಹೇಳದೆ ನೀರನ್ನೂ ಕುಡಿಸುವಂತಿಲ್ಲ.

ನನಗೆ ಕಷ್ಟವಾದದ್ದು ಬೇರೆಯೇ. ರೋಗಿಯ ತಲೆದೆಸೆಯಲ್ಲಿ ನಿಂತು 'ಏನೂ ಆಗುವುದಿಲ್ಲ, ಬೇಗ ಹುಷಾರಾಗುತ್ತೀರಿ' ಎನ್ನುವುದು ನಮಗೆ ಹುಟ್ಟಿನಿಂದ ಬಂದ ಮಾತು. ಇಲ್ಲಿ ಆ ಮಾತಿಗೆ ಜಾಗವಿಲ್ಲ. ಹುಷಾರಾಗುವುದಿಲ್ಲ ಎಂದು ಅವರಿಗೆ ಗೊತ್ತು, ನಿಮಗೂ ಗೊತ್ತು. ಮೊದಲ ಮೂರು ತಿಂಗಳು ನಾನು ನಾಲಿಗೆ ಕಚ್ಚಿಕೊಂಡೇ ಕುಳಿತೆ. ಹಾಗಾಗಿ ನಿಮ್ಮ ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಕಿವಿ ಮಂದವಾದವರಿಗೆ ಉಚ್ಚಾರಕ್ಕಿಂತ ನಿಧಾನ ಮುಖ್ಯ, ಮತ್ತು ನಮ್ಮ ಇಂಗ್ಲಿಷ್ ಹೇಗೂ ನಿಧಾನ.

ಇನ್ನು ಸೈನಿಕರು. ಹಾಸ್ಪಿಸ್‌ಗಳಿಗೂ ಸರ್ಕಾರದ ಮಾಜಿ ಸೈನಿಕರ ಇಲಾಖೆಗೂ ಸೇರಿದ 'ವಿ ಆನರ್ ವೆಟರನ್ಸ್' ಎಂಬ ಯೋಜನೆ 2010ರಿಂದ ನಡೆಯುತ್ತಿದೆ. ನನ್ನನ್ನು ಅದಕ್ಕೆ ಹಾಕಿದ ಹೊಸತರಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ವಿಯೆಟ್ನಾಂಗೆ ಹೋಗಿಬಂದ ಒಬ್ಬರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಿಂದಿನಿಂದ ಹೋಗಿ ಭುಜ ಮುಟ್ಟಿದೆ. ಕೈಯಲ್ಲಿ ಗಾಜಿನ ಬಳೆ. ಆ ಮನುಷ್ಯ ಕೂಗಿ ತೋಳು ಬೀಸಿದ ರಭಸಕ್ಕೆ ಟ್ರೇ ಮೇಲಿದ್ದ ಕಾಫಿಯೆಲ್ಲ ನನ್ನ ಮೇಲಾಯಿತು. ಆಮೇಲೆ ಅವರೇ ಅತ್ತರು, ನಾನೂ ಅತ್ತೆ. ಮಂಚದ ಕಾಲ ಬಳಿ ನಿಂತು ಹೆಸರು ಹಿಡಿದು ಕರೆಯಬೇಕು, ಮುಟ್ಟಿ ಎಬ್ಬಿಸಬಾರದು ಎಂದು ನರ್ಸು ಹೇಳಿಕೊಟ್ಟದ್ದು ಅಂದೇ. ಐವತ್ತು ವರ್ಷ ಸದ್ದಿಲ್ಲದೆ ಕುಳಿತ ಯುದ್ಧ, ಮೈಯಲ್ಲಿ ಶಕ್ತಿ ಉಡುಗಿದಾಗ ಎದ್ದುಬರುವುದುಂಟಂತೆ.

ಯುದ್ಧದಲ್ಲಿ ಎಷ್ಟು ಜನರನ್ನು ಕೊಂದಿರಿ ಎಂದು ಕೇಳುವವರೂ ಇದ್ದಾರೆ, ನೀವು ಕೇಳಬೇಡಿ. ಯಾವ ಪಡೆಯಲ್ಲಿದ್ದಿರಿ ಎಂದು ಕೇಳಿದರೆ ಸಾಕು. ಮರೀನ್ ಪಡೆಯವರನ್ನು ಸೋಲ್ಜರ್ ಎಂದರೆ ಸಾಯುವ ಹಾಸಿಗೆಯಲ್ಲೂ ತಿದ್ದುತ್ತಾರೆ, ಆ ಪದ ಇಲ್ಲಿ ಭೂಸೇನೆಯವರಿಗೆ. ವಿಯೆಟ್ನಾಂನವರಿಗೆ 'ವೆಲ್‌ಕಮ್ ಹೋಮ್' ಎನ್ನಿ. ಅವರು ಬಂದಿಳಿದಾಗ ಆ ಮಾತು ಹೇಳಿದವರು ಕಡಿಮೆ. ಮೇ ತಿಂಗಳ ಮೆಮೋರಿಯಲ್ ಡೇ ದಿನ ಶುಭಾಶಯ ಹೇಳಬೇಡಿ, ಅದು ಸತ್ತವರ ದಿನ. ಬದುಕಿರುವವರದು ನವೆಂಬರ್ 11. ಮನೆಯವರು ಡಿಡಿ-214 ಎಂಬ ಬಿಡುಗಡೆ ಪತ್ರವನ್ನು ಹುಡುಕುತ್ತಿದ್ದರೆ ಹಾಸ್ಪಿಸ್‌ನ ಸಮಾಜ ಕಾರ್ಯಕರ್ತೆಗೆ ತಿಳಿಸಿ. ಸೈನ್ಯದ ಗೌರವದ ಶವಸಂಸ್ಕಾರಕ್ಕೆ ಅದನ್ನು ಕೇಳುತ್ತಾರೆ. 1973ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೈನಿಕರ ಕಡತಗಳನ್ನು ಇಟ್ಟಿದ್ದ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತಗಳು ಹೋದವು. ಹಳೆಯ ಭೂಸೈನಿಕರ ಮಕ್ಕಳು ಇಂದಿಗೂ ಅಟ್ಟದ ಪೆಟ್ಟಿಗೆಗಳನ್ನು ಜಾಲಾಡುತ್ತಾರೆ.

ಒಬ್ಬರ ವಿಷಯ ಹೇಳಲೇಬೇಕು. ಹೆಸರು, ಊರು ಹೇಳುವಂತಿಲ್ಲ, ಅದೂ ನಿಯಮ. ತೊಂಬತ್ತು ದಾಟಿದ, ಕೊರಿಯಾದಲ್ಲಿದ್ದ ಮರೀನ್. ಮೂರು ವಾರ ನನ್ನೊಡನೆ ಮಾತೇ ಆಡಿರಲಿಲ್ಲ, ಕಿಟಕಿಯಾಚೆಯ ಹಕ್ಕಿಗಳ ಕಾಳಿನ ಡಬ್ಬಿಯನ್ನೇ ನೋಡುತ್ತಿದ್ದರು. ನಾಲ್ಕನೆಯ ವಾರ, ಇಂಡಿಯಾದಲ್ಲಿ ಎಲ್ಲಿ ಎಂದರು. ಮಡಿಕೇರಿ ಎಂದೆ, ಯಾರಿಗೆ ಗೊತ್ತಾಗಬೇಕು ಎಂದುಕೊಳ್ಳುತ್ತಲೇ. 'ಇಂಡಿಯಾದವರನ್ನು ನಾನು ಹೊತ್ತಿದ್ದೇನೆ' ಎಂದರು.

ಬುದ್ಧಿ ಅಲೆಯುತ್ತಿದೆ ಎಂದುಕೊಂಡೆ. ಅಲೆಯುತ್ತಿರಲಿಲ್ಲ. 1953ರಲ್ಲಿ ಕದನವಿರಾಮವಾದ ಮೇಲೆ, ಸ್ವದೇಶಕ್ಕೆ ಮರಳಲು ಒಪ್ಪದ ಯುದ್ಧಕೈದಿಗಳನ್ನು ಕಾಯಲು ಭಾರತದ ಪಡೆ ಕೊರಿಯಾಗೆ ಹೋಯಿತು. ಭಾರತೀಯ ಸೈನಿಕರು ನಮ್ಮ ನೆಲ ತುಳಿಯಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹೀಗಾಗಿ ಇಂಚಾನ್ ಬಂದರಿನ ಹಡಗುಗಳಿಂದಲೇ ಅಮೆರಿಕದ ಹೆಲಿಕಾಪ್ಟರುಗಳು ಸುಮಾರು 6,000 ಮಂದಿಯನ್ನು ಎತ್ತಿ ಗಡಿಯ ನಿಸ್ಸೇನಾ ವಲಯಕ್ಕೆ ಇಳಿಸಿದವು. ಅವರನ್ನು ಹತ್ತಿಸುತ್ತಿದ್ದ ಹುಡುಗರಲ್ಲಿ ಈತ ಒಬ್ಬರು. 'ರೆಕ್ಕೆಯ ಗಾಳಿಗೆ ಪೇಟಗಳು ಹಾರಿಹೋಗುತ್ತವೆ ಎಂದು ಪಂದ್ಯ ಕಟ್ಟಿದ್ದೆವು. ಒಂದೂ ಹಾರಲಿಲ್ಲ. ಎರಡು ಡಾಲರ್ ಹೋಯಿತು.'

ಆ ಕೈದಿಗಳ ವ್ಯವಹಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ. ಶಾಲೆಗೆ ಹೋಗುವಾಗ ದಿನಾ ಅವರ ಪ್ರತಿಮೆ ದಾಟಿ ಹೋಗುತ್ತಿದ್ದೆ, ಒಮ್ಮೆಯೂ ತಲೆ ಎತ್ತಿ ನೋಡಿದವಳಲ್ಲ. ಮುಂದಿನ ಗುರುವಾರ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದೆ. ಕನ್ನಡಕ ಹಾಕಿಸಿಕೊಂಡು ಬಹಳ ಹೊತ್ತು ನೋಡಿದರು. ಇವರೂ ನಿಮ್ಮ ಹೆಲಿಕಾಪ್ಟರ್ ಹತ್ತಿದ್ದರೆ ಎಂದು ಕೇಳಿದೆ. 'ಜನರಲ್‌ಗಳು ನಮ್ಮ ಕೈಗೆ ಸಿಗುತ್ತಿದ್ದರೇ?' ಎಂದು ನಕ್ಕರು. ಅದರ ಮುಂದಿನ ಗುರುವಾರ ಮಂಚ ಖಾಲಿಯಾಗಿತ್ತು. ಅವರ ಮಗಳು ಕಾಳಿನ ಡಬ್ಬಿಯನ್ನು ತುಂಬಿಸುತ್ತಿದ್ದರು.

ಬೇಸರವಾಗುವುದಿಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಗಂಡ ಕೇಳುತ್ತಾರೆ. ಆಗುತ್ತದೆ. ನಾನು ಆ ದಿನಗಳಲ್ಲಿ ಮನೆಗೆ ಬಂದು ಅಕ್ಕಿ ರೊಟ್ಟಿ ತಟ್ಟುತ್ತೇನೆ, ಬೇಕಾದ್ದಕ್ಕಿಂತ ಹೆಚ್ಚು.

ಬರುವುದಾದರೆ ಮೊದಲ ಸಲ ನನ್ನ ಕಾರಿನಲ್ಲೇ ಹೋಗೋಣ. ಸದ್ದಾಗದ ಶೂ ಹಾಕಿಕೊಳ್ಳಿ, ಸೆಂಟು ಬೇಡ, ಅವರಿಗೆ ಹೊಟ್ಟೆ ತೊಳಸುತ್ತದೆ. ಅಂದು ಒಗ್ಗರಣೆ ಹಾಕುವಾಗ ಕೋಟನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ. ಬಳೆ ಮನೆಯಲ್ಲಿರಲಿ.