ಬಿಚ್ಚಲು ಅಲ್ಲಿ ಗಂಟೇ ಇರುವುದಿಲ್ಲ

ನಮಸ್ಕಾರ. ನಿಮ್ಮ ‘ಗಂಟು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡುವ ಕಥೆಯೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಕಥೆಯ ಹೆಂಗಸು 26ನೇ ವಯಸ್ಸಿಗೆ, ಎರಡನೇ ಹೆರಿಗೆಯ ಬೆನ್ನಲ್ಲೇ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವಳು. ಹನ್ನೆರಡು ವರ್ಷದ ಮೇಲೆ ಮರುಮದುವೆಯಾಗಿದ್ದಾಳೆ, ಇನ್ನೊಂದು ಮಗು ಬೇಕು ಅನ್ನುತ್ತಾಳೆ. ಡಾಕ್ಟರು ‘ಗಂಟು ಬಿಚ್ಚುತ್ತಾರೆ’. ಮುಂದಿನ ಪುಟದಲ್ಲೇ ಅವಳಿಗೆ ವಾಂತಿ ಶುರು. ನನ್ನ ನಂಬಿಕೆ ಅಲ್ಲಿಗೇ ಮುರಿಯಿತು.

ಅಲ್ಲಿ ಗಂಟು ಇರುವುದಿಲ್ಲ. ಅಂಡವನ್ನು ಗರ್ಭಕೋಶಕ್ಕೆ ಒಯ್ಯುವ ನಾಳದ ಒಂದು ತುಂಡನ್ನೇ ಕತ್ತರಿಸಿ ತೆಗೆದಿರುತ್ತಾರೆ, ಇಲ್ಲವೇ ಸುಟ್ಟಿರುತ್ತಾರೆ, ಇಲ್ಲವೇ ಕ್ಲಿಪ್ಪೋ ರಿಂಗೋ ಹಾಕಿರುತ್ತಾರೆ. ಮತ್ತೆ ಜೋಡಿಸುವುದು ಅಂದರೆ, ಮುಚ್ಚಿಹೋದ ತುದಿಗಳನ್ನು ಕತ್ತರಿಸಿ ಒಳದಾರಿ ತೆರೆದು, ಎರಡನ್ನೂ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುವುದು. ಇಡೀ ನಾಳವೇ ಸುಮಾರು 10ರಿಂದ 12 ಸೆಂ.ಮೀ. ಜೋಡಿಸಿದ ಮೇಲೆ 4 ಸೆಂ.ಮೀ.ಗಿಂತ ಜಾಸ್ತಿ ಉಳಿದರೆ ಒಳ್ಳೆಯದು. ಕ್ಲಿಪ್ ಹಾಕಿದ್ದರೆ ಕಡಿಮೆ ಹಾಳಾಗಿರುತ್ತದೆ, ಸುಟ್ಟಿದ್ದರೆ ಜಾಸ್ತಿ. ನಾಳವನ್ನೇ ಪೂರ್ತಿ ತೆಗೆದಿದ್ದರೆ ಜೋಡಿಸಲು ಏನೂ ಇಲ್ಲ.

ಈಗ ನಿಮ್ಮ 4ನೇ ಪುಟ ನೋಡಿ. ಅವಳು ಟ್ರಂಕಿನಲ್ಲಿ ಹಳೆಯ ಆಸ್ಪತ್ರೆ ಚೀಟಿ ಹುಡುಕುತ್ತಾಳೆ. ಬರೀ ಎರಡು ಸಾಲು! ಕಥೆ ಇರುವುದೇ ಅಲ್ಲಿ. ಅಂದು ಯಾವ ರೀತಿ ಮಾಡಿದರು ಅನ್ನುವುದು ಆ ಚೀಟಿಯಲ್ಲಿದೆ, ಅವಳ ಆಸೆಯೆಲ್ಲ ಅದರ ಮೇಲೆ ನಿಂತಿದೆ. ಹೆರಿಗೆಯ ಸುಸ್ತಿನಲ್ಲಿ ಸಹಿ ಹಾಕಿದವಳಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ, ಅಲ್ವಾ? ಈಗ ಓದಲಿ. ಅಕ್ಷರ ಅರ್ಥವಾಗದೆ ಒದ್ದಾಡಲಿ. ನಾಲ್ಕು ಪುಟ ಕೊಡಿ ಅದಕ್ಕೆ.

ಇನ್ನೊಂದು. ‘ಹನ್ನೆರಡು ವರ್ಷ ಕಳೆಯಿತಲ್ಲ’ ಎಂದು ಅವಳನ್ನು ಮತ್ತೆ ಮತ್ತೆ ಅಳಿಸಿದ್ದೀರಿ. ಆಪರೇಷನ್ ಆಗಿ ಎಷ್ಟು ವರ್ಷವಾಯಿತು ಅನ್ನುವುದಕ್ಕಿಂತ ಅವಳಿಗೆ ಈಗ 38 ಅನ್ನುವುದೇ ದೊಡ್ಡ ಮಾತು, ಯಾಕೆಂದರೆ ನಾಳ ಎಷ್ಟೇ ಚೆನ್ನಾಗಿ ಕೂಡಿಕೊಂಡರೂ ಅಂಡದ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ. ಆ ವಯಸ್ಸಿನಲ್ಲಿ ಡಾಕ್ಟರು ಐವಿಎಫ್, ಅಂದರೆ ಅಂಡವನ್ನೂ ವೀರ್ಯವನ್ನೂ ಲ್ಯಾಬಿನಲ್ಲಿ ಕೂಡಿಸಿ ಗರ್ಭಕೋಶಕ್ಕೆ ಬಿಡುವುದರ ಮಾತೆತ್ತದೆ ಇರುವುದಿಲ್ಲ, ಅದಕ್ಕೆ ನಾಳವೇ ಬೇಡ. ಗಂಡ ಹೆಂಡತಿ ಇದನ್ನು ಕೂತು ಮಾತಾಡಲಿ, ಬೇಕಾದರೆ ಜಗಳವಾಡಲಿ. ಅಂದ ಹಾಗೆ, ಗಂಡ ಎಲ್ಲಿ? ಅವಳ ಹೊಟ್ಟೆಗೆ ಕತ್ತರಿ ಹಾಕುವ ಮೊದಲು ಅವನ ವೀರ್ಯ ಪರೀಕ್ಷೆ ಆಗಬೇಕು. ನಿಮ್ಮ ಕಥೆಯಲ್ಲಿ ಅವನು ಸುಮ್ನೆ ಹಣ್ಣು ತಂದು ಕೊಟ್ಟು ಹೋಗುತ್ತಾನೆ.

ವಾಂತಿಯ ಪುಟವನ್ನು ಪೂರ್ತಿ ತೆಗೆಯಿರಿ. ಜೋಡಿಸಿದ ಮೇಲೆ ಎಷ್ಟೋ ತಿಂಗಳು ಕಾಯಬೇಕಾಗಬಹುದು, ಬಸಿರಾಗದೆಯೂ ಇರಬಹುದು. ಬಸಿರಾದರೂ ಅದು ಗರ್ಭಕೋಶಕ್ಕೆ ಇಳಿಯದೆ ನಾಳದಲ್ಲೇ ಸಿಕ್ಕಿಕೊಳ್ಳುವ ಅಪಾಯ ಉಳಿದವರಿಗಿಂತ ಜಾಸ್ತಿ. ನಾಳ ಒಡೆದರೆ ಜೀವಕ್ಕೇ ಕುತ್ತು. ಅದಕ್ಕೇ ಮುಟ್ಟು ತಪ್ಪಿದ ಕೂಡಲೇ ರಕ್ತ ಪರೀಕ್ಷೆ, ಬೇಗ ಸ್ಕ್ಯಾನ್ ಮಾಡಿಸಬೇಕು. ಇದನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಿಮ್ಮ ಕಥೆ ಓದಿದ ಯಾರೋ ಒಬ್ಬಳು ಹೊಟ್ಟೆನೋವನ್ನು ಬಸಿರಿನ ಲಕ್ಷಣ ಅಂದುಕೊಂಡು ಮನೆಯಲ್ಲೇ ಮಲಗಬಾರದು.

ಮಗು ಹುಟ್ಟಲೇಬೇಕು ಅಂತ ನನಗೇನೂ ಇಲ್ಲ. ಅವಳು ಸ್ಕ್ಯಾನ್ ಕೋಣೆಯ ಹೊರಗೆ, ಆ ಹಳೆಯ ಚೀಟಿ ಹಿಡಿದು ಕೂತಿರುವಲ್ಲಿಗೆ ನಿಲ್ಲಿಸಿದರೂ ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.